ತೋಟಗಾರಿಕೆ ಓದು: ಪದವಿಯಿಂದ ಕಸಿ ಕಟ್ಟುವ ಕೈಯವರೆಗೆ

2000ದ ದಶಕದಲ್ಲಿ ಉತ್ತರ ಕರ್ನಾಟಕದ ದಾಳಿಂಬೆ ತೋಟಗಳನ್ನು ದುಂಡಾಣು ಅಂಗಮಾರಿ ರೋಗ ಆವರಿಸಿಕೊಂಡಾಗ ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳ ಅನೇಕ ಬೆಳೆಗಾರರು ಫಲ ಬಿಡುತ್ತಿದ್ದ ಗಿಡಗಳನ್ನೇ ಬೇರುಸಹಿತ ಕಿತ್ತುಹಾಕಬೇಕಾಯಿತು. ಮೊದಲು ಎಲೆಯ ಮೇಲೆ ನೀರಿನಲ್ಲಿ ತೋಯ್ದಂತಹ ಚುಕ್ಕೆ, ಬಳಿಕ ಕಾಯಿಯ ಮೇಲೆ ಕಪ್ಪು ಮಚ್ಚೆ, ಕೊನೆಗೆ ಆ ಮಚ್ಚೆಯ ನಡುವೆಯೇ ಸೀಳು. ಸೀಳಿದ ಹಣ್ಣನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ರೋಗಕ್ಕೆ ಕಾರಣವಾದ ಜ್ಯಾಂಥೋಮೊನಾಸ್ ಎಂಬ ದುಂಡಾಣು ಗಾಳಿ-ಮಳೆಯ ಹನಿಗಳೊಂದಿಗೆ ಗಿಡದಿಂದ ಗಿಡಕ್ಕೆ ಹರಡುವುದು ನಿಜ. ಆದರೆ ಜಿಲ್ಲೆಯಿಂದ ಜಿಲ್ಲೆಗೆ ಅದನ್ನು ಒಯ್ಯುವವನು ಮನುಷ್ಯ. ರೋಗಪೀಡಿತ ತೋಟದ ಗೂಟಿ ಸಸಿಗಳು ಲಾರಿಗಳಲ್ಲಿ ಸಾಗಿದರೆ ಅವುಗಳೊಂದಿಗೆ ರೋಗವೂ ಸಾಗುತ್ತದೆ. ಒಂದು ಗಿಡವನ್ನು ಸವರಿದ ಕತ್ತರಿಯನ್ನು ತೊಳೆಯದೆ ಮತ್ತೊಂದಕ್ಕೆ ಹಚ್ಚಿದರೂ ಅದೇ ಫಲ.

ಈ ರೋಗಕ್ಕೆ ಒಂದೇ ಸಿಂಪಡಣೆಯಲ್ಲಿ ಗುಣಪಡಿಸುವ ಔಷಧಿ ಇಲ್ಲ. ರೋಗಮುಕ್ತ ಸಸಿ, ಗಿಡಕ್ಕೆ ಮೂರು-ನಾಲ್ಕು ತಿಂಗಳ ವಿಶ್ರಾಂತಿ, ಮಳೆಗಾಲದ ತೇವ ತಪ್ಪಿಸುವ ಹಸ್ತ ಬಹಾರದ ಆಯ್ಕೆ, ಉದುರಿದ ಎಲೆ-ಕಾಯಿಗಳನ್ನು ಆಯ್ದು ಸುಡುವುದು, ಸೋಂಕು ನಿವಾರಕದಲ್ಲಿ ಅದ್ದಿದ ಕತ್ತರಿ ಇವೆಲ್ಲ ಒಟ್ಟಾಗಿ ನಡೆದರೆ ಮಾತ್ರ ತೋಟ ಉಳಿಯುತ್ತದೆ. ಪ್ರತಿಜೀವಕ ಔಷಧಿಯನ್ನೇ ನೆಚ್ಚಿ ಮೇಲಿಂದ ಮೇಲೆ ಸಿಂಪಡಿಸಿದರೆ ದುಂಡಾಣುವಿಗೆ ನಿರೋಧಕ ಶಕ್ತಿ ಬೆಳೆಯುವ ಅಪಾಯವಿದೆ. ಸುಸ್ಥಿರ ತೋಟಗಾರಿಕೆ ಎಂಬ ಪದ ಸೆಮಿನಾರುಗಳಲ್ಲಿ ಸವೆದುಹೋಗಿದ್ದರೂ ಅದರ ನಿಜವಾದ ಅರ್ಥ ಇಷ್ಟೇ: ಇಂದಿನ ಇಳುವರಿಗಾಗಿ ನಾಳಿನ ತೋಟವನ್ನು ಒತ್ತೆ ಇಡದಿರುವ ವಿದ್ಯೆ. ಈ ವಿದ್ಯೆಯನ್ನು ಕಲಿಸುವವರು ಯಾರು, ಎಲ್ಲಿ, ಕಲಿತವರಿಗೆ ಮುಂದೇನು ಎಂಬುದರ ವಿವರ ಇಲ್ಲಿದೆ.

ಲಾಲ್‌ಬಾಗ್ ಎಂಬ ಹಳೆಯ ಪಾಠಶಾಲೆ

ಕರ್ನಾಟಕದಲ್ಲಿ ತೋಟಗಾರಿಕೆಯ ಶಾಸ್ತ್ರೀಯ ಶಿಕ್ಷಣಕ್ಕೆ ಕಾಲೇಜುಗಳಿಗಿಂತ ಮೊದಲೇ ಒಂದು ಪರಂಪರೆ ಇತ್ತು. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡ ಸಂಸ್ಥಾನದಲ್ಲಿ ದುಡಿದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜಿ.ಎಚ್. ಕೃಂಬಿಗಲ್ ಇಲ್ಲಿ 1932ರವರೆಗೆ ಸೇವೆ ಸಲ್ಲಿಸಿದರು. ಅವರ ನಂತರ ಅಧಿಕಾರ ವಹಿಸಿಕೊಂಡ ಎಚ್.ಸಿ. ಜವರಾಯ ಅವರೂ ಕ್ಯೂನಲ್ಲಿ ತರಬೇತಿ ಪಡೆದವರು. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬಂದ ಡಾ. ಎಂ.ಎಚ್. ಮರಿಗೌಡ ಅವರು ಇಲಾಖೆಯನ್ನು ಉದ್ಯಾನದ ಗೋಡೆಯಾಚೆ, ಮಳೆಯಾಶ್ರಿತ ಹೊಲಗಳಿಗೆ ಕೊಂಡೊಯ್ದರು. ಒಣಭೂಮಿಯಲ್ಲಿ ಮಾವು, ಸಪೋಟ, ಗೇರು ಬೆಳೆಸುವ ಅವರ ಪ್ರತಿಪಾದನೆಯನ್ನು ಇಂದಿನ ಭಾಷೆಯಲ್ಲಿ ಸುಸ್ಥಿರ ತೋಟಗಾರಿಕೆ ಎನ್ನಬಹುದು. ಅಂದು ಆ ಪದ ಚಾಲ್ತಿಯಲ್ಲಿರಲಿಲ್ಲ, ಅಷ್ಟೇ.

ಈ ಪರಂಪರೆಯಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಕ್ಯೂನಲ್ಲಿ ಕಲಿಯುವವನು ಮಡಿ ಅಗೆಯುವ ಕೆಲಸವನ್ನೂ ಮಾಡಬೇಕಿತ್ತು, ಸಸ್ಯಗಳ ಲ್ಯಾಟಿನ್ ಹೆಸರುಗಳನ್ನೂ ಬಾಯಿಪಾಠ ಮಾಡಬೇಕಿತ್ತು. ಕೈಗೆಲಸ ಮತ್ತು ಶಾಸ್ತ್ರ ಎಂದು ಎರಡು ಜಾತಿಗಳಿರಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ವ್ಯವಸ್ಥೆಯಲ್ಲಿ ಈ ಎರಡೂ ಬೇರೆಬೇರೆ ದಾರಿ ಹಿಡಿದವು ಎಂಬ ಅಸಮಾಧಾನ ನಿರಾಧಾರವಲ್ಲ.

ನಾಲ್ಕು ವರ್ಷಗಳ ಪದವಿ

ದೀರ್ಘಕಾಲ ತೋಟಗಾರಿಕೆ ಕೃಷಿ ವಿಶ್ವವಿದ್ಯಾಲಯಗಳ ಒಂದು ವಿಭಾಗವಾಗಿಯೇ ಉಳಿದಿತ್ತು. 1990ರ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಹಾಗೂ ಬೆಳಗಾವಿ ಜಿಲ್ಲೆಯ ಅರಭಾವಿಯಲ್ಲಿ ಪ್ರತ್ಯೇಕ ಕಾಲೇಜುಗಳು ಬಂದವು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಆಲಮಟ್ಟಿ ಹಿನ್ನೀರಿನಿಂದ ಊರಿನ ಒಂದು ಭಾಗವನ್ನೇ ಕಳೆದುಕೊಂಡ ಪಟ್ಟಣದ ನವನಗರದ ಅಂಚಿನಲ್ಲಿ, ಉದ್ಯಾನಗಿರಿ ಎಂಬ ಆವರಣದಲ್ಲಿ ಅದರ ಕೇಂದ್ರ ಕಚೇರಿ ಇದೆ. ಬಾಗಲಕೋಟೆ, ಅರಭಾವಿ, ಬೀದರ್, ಶಿರಸಿ, ಕೋಲಾರ, ಮೈಸೂರು, ಬೆಂಗಳೂರು ಮೊದಲಾದೆಡೆ ಅದರ ಕಾಲೇಜುಗಳಿವೆ. ಹಾವೇರಿ ಬಳಿಯ ದೇವಿಹೊಸೂರಿನಲ್ಲಿ ತೋಟಗಾರಿಕೆ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಕಾಲೇಜಿದೆ. ಮೂಡಿಗೆರೆ ಕಾಲೇಜು ಇಂದು 2012ರಲ್ಲಿ ಆರಂಭವಾದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಅಂಗವಾಗಿದೆ.

ಬಿ.ಎಸ್ಸಿ. (ಆನರ್ಸ್) ತೋಟಗಾರಿಕೆಗೆ ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿ ಸಿಇಟಿ ಬರೆಯಬೇಕು. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲಾತಿ ಇದ್ದು, ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಗೊಬ್ಬರ, ಉಪಕರಣಗಳನ್ನು ನೋಡಿ ಗುರುತಿಸಬೇಕು. ಅಪ್ಪನ ಪಹಣಿಯಲ್ಲಿ ಹೆಸರಿದ್ದರೆ ಸಾಲದು, ಮಗನೋ ಮಗಳೋ ಹೊಲ ಕಂಡಿರಬೇಕು ಎಂಬುದು ಇದರ ಆಶಯ. ಪರೀಕ್ಷೆಗೆ ಮುನ್ನ ಈ ಗುರುತಿಸುವಿಕೆಗೂ ಕೋಚಿಂಗ್ ಕೊಡುವ ಕೇಂದ್ರಗಳು ಹುಟ್ಟಿಕೊಂಡಿರುವುದು ಬೇರೆ ಮಾತು. ದೇಶದ ಇತರ ರಾಜ್ಯಗಳ ಅಭ್ಯರ್ಥಿಗಳಿಗೆ ಮೀಸಲಾದ ಸೀಟುಗಳಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೂಲಕ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ.

ಪದವಿಯ ಕೊನೆಯ ವರ್ಷ ಅತ್ಯಂತ ಮುಖ್ಯವಾದದ್ದು. 2015ರಲ್ಲಿ ಘೋಷಣೆಯಾದ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮದಡಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ನೆಲೆಸಿ ಬೆಳೆಗಾರರೊಂದಿಗೆ ದುಡಿಯಬೇಕು. ಬಳಿಕ ನರ್ಸರಿ, ಪಾಲಿಹೌಸ್, ಸಂಸ್ಕರಣೆ ಇತ್ಯಾದಿಗಳಲ್ಲಿ ಒಂದನ್ನು ಆಯ್ದುಕೊಂಡು ಸಣ್ಣ ಉದ್ಯಮದಂತೆ ನಡೆಸಿ ಲಾಭ-ನಷ್ಟದ ಲೆಕ್ಕ ಒಪ್ಪಿಸಬೇಕು. ಪುಸ್ತಕದಲ್ಲಿ ಓದಿದ ಗೊಬ್ಬರದ ಪ್ರಮಾಣಕ್ಕೂ ಬೆಳೆಗಾರ ನಿಜವಾಗಿ ಹಾಕುವ ಪ್ರಮಾಣಕ್ಕೂ ಇರುವ ಅಂತರ ವಿದ್ಯಾರ್ಥಿಗೆ ಅರಿವಾಗುವುದು ಈ ತಿಂಗಳುಗಳಲ್ಲಿಯೇ. 2024ರಿಂದ ಜಾರಿಗೆ ಬಂದಿರುವ ಹೊಸ ಪಠ್ಯಕ್ರಮದಲ್ಲಿ ಕೌಶಲ ತರಬೇತಿಗೆ ಮೊದಲ ವರ್ಷದಿಂದಲೇ ಸ್ಥಾನ ನೀಡಲಾಗಿದ್ದು, ನಡುವೆ ಓದು ನಿಲ್ಲಿಸುವವರಿಗೆ ಪ್ರಮಾಣಪತ್ರ ಇಲ್ಲವೇ ಡಿಪ್ಲೊಮಾ ಪಡೆದು ಹೊರಬರುವ ಅವಕಾಶವಿದೆ.

ಉನ್ನತ ವ್ಯಾಸಂಗ: ಪ್ರಶ್ನೆಗಳು ತೋಟದಿಂದ ಬರಬೇಕು

ಸ್ನಾತಕೋತ್ತರ ಹಂತದಲ್ಲಿ ಹಣ್ಣು ವಿಜ್ಞಾನ, ತರಕಾರಿ ವಿಜ್ಞಾನ, ಪುಷ್ಪಕೃಷಿ ಮತ್ತು ಉದ್ಯಾನ ವಿನ್ಯಾಸ, ಪ್ಲಾಂಟೇಶನ್-ಸಾಂಬಾರ-ಔಷಧಿ ಬೆಳೆಗಳು, ಕೊಯ್ಲೋತ್ತರ ತಂತ್ರಜ್ಞಾನ ಎಂಬ ಶಾಖೆಗಳಿವೆ. ಎರಡು ವರ್ಷಗಳ ಎಂ.ಎಸ್ಸಿ., ಅನಂತರ ಪಿಎಚ್.ಡಿ. ‘ಸುಸ್ಥಿರ ತೋಟಗಾರಿಕೆ’ ಇಲ್ಲಿ ಒಂದು ಪ್ರತ್ಯೇಕ ಶಾಖೆಯಾಗುವುದಕ್ಕಿಂತ ಎಲ್ಲ ಶಾಖೆಗಳೊಳಗೂ ಹಾದುಹೋಗಬೇಕಾದ ದೃಷ್ಟಿ. ನೀರು, ಮಣ್ಣು, ಕೀಟ ಈ ಮೂರರ ಮೇಲೆ ಸಂಶೋಧನಾ ವಿಷಯ ಆಯ್ದುಕೊಳ್ಳುವವರೇ ಅದನ್ನು ಮುಂದೊಯ್ಯಬಲ್ಲರು.

ಈ ಮಾತಿಗೆ ನಿದರ್ಶನಗಳು ಬೆಂಗಳೂರಿನಲ್ಲಿಯೇ ಇವೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ತೋಟಗಳಿಗೆ ಹಬ್ಬಿತು. ಮೈಮೇಲೆ ಮೇಣದಂತಹ ಬಿಳಿ ಹೊದಿಕೆ ಇರುವ ಈ ಕೀಟಕ್ಕೆ ಸಿಂಪಡಣೆ ತಾಕುತ್ತಲೇ ಇರಲಿಲ್ಲ. ಹಿಪ್ಪುನೇರಳೆಗೆ ವಿಷ ಹೊಡೆದರೆ ರೇಷ್ಮೆಹುಳುವೇ ಸಾಯುತ್ತಿತ್ತು. 2010ರಲ್ಲಿ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ಅಸೆರೋಫಾಗಸ್ ಪಪಾಯೆ ಎಂಬ ಸಣ್ಣ ಪರತಂತ್ರ ಕಣಜವನ್ನು ತರಿಸಿ, ಪರೀಕ್ಷಿಸಿ, ಸಾಕಿ ಬಿಡುಗಡೆ ಮಾಡಿದರು. ಕಣಜ ತಿಗಣೆಯ ಒಡಲಲ್ಲಿ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದಲೇ ಮುಗಿಸುತ್ತದೆ. ಬಿಟ್ಟ ಕೆಲವೇ ತಿಂಗಳಲ್ಲಿ ಹಾವಳಿ ತಹಬಂದಿಗೆ ಬಂತು. ಬೆಳೆಗಾರನಿಗೆ ಒಂದು ಪೈಸೆಯ ಔಷಧಿ ಖರ್ಚಿಲ್ಲದೆ ಆದ ಕೆಲಸವಿದು. ಆದರೆ ಕಣಜ ಬಿಟ್ಟ ತೋಟದಲ್ಲಿ ವಿಷ ಸಿಂಪಡಿಸಬಾರದು ಎಂಬುದನ್ನು ಮನವರಿಕೆ ಮಾಡಲು ತರಬೇತಿ ಪಡೆದ ಜನ ಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಚಿತ್ರ 2021ರಲ್ಲಿ ಮೆಣಸಿನಕಾಯಿ ಬೆಳೆಯಲ್ಲಿ ಕಂಡಿತು. ಕಪ್ಪು ಥ್ರಿಪ್ಸ್ ಎಂದು ರೈತರು ಕರೆಯುವ ವಿದೇಶಿ ನುಸಿ ಹೂವಿನೊಳಗೆ ಗುಂಪುಗಟ್ಟಿ ಕುಳಿತಾಗ ಗಾಬರಿಗೊಂಡ ಬೆಳೆಗಾರರು ಸಿಕ್ಕಸಿಕ್ಕ ಔಷಧಿಗಳನ್ನು ಬೆರೆಸಿ ಹೊಡೆದರು. ಅಂತಹ ಸಿಂಪಡಣೆಯಿಂದ ನುಸಿಯನ್ನು ತಿನ್ನುವ ಉಪಕಾರಿ ಕೀಟಗಳೂ ಸಾಯುತ್ತವೆ. ಸಾಲ ಮಾತ್ರ ಬೆಳೆಯುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ಕ್ಷೇತ್ರದ ಉನ್ನತ ಅಧ್ಯಯನಕ್ಕೆ ದೇಶದ ಪ್ರಮುಖ ಕೇಂದ್ರಗಳಲ್ಲೊಂದು. 1967ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ತಳಿಗಳಿಗೆಲ್ಲ ‘ಅರ್ಕಾ’ ಎಂಬ ಪೂರ್ವಪದವಿರುತ್ತದೆ. ಸಮೀಪದ ಅರ್ಕಾವತಿ ನದಿಯ ನೆನಪದು. ಎಲೆಮುಟುರು, ದುಂಡಾಣು ಸೊರಗು, ಅಂಗಮಾರಿ ಈ ಮೂರೂ ರೋಗಗಳನ್ನು ತಡೆದುಕೊಳ್ಳುವ ಟೊಮೆಟೊ ‘ಅರ್ಕಾ ರಕ್ಷಕ್’ ಇಲ್ಲಿಯದು. ಸವುಳು ನೀರು, ಬರ ಎರಡನ್ನೂ ಸಹಿಸುವ ‘ಡಾಗ್‌ರಿಡ್ಜ್’ ಬೇರುಸಸಿಯ ಮೇಲೆ ದ್ರಾಕ್ಷಿ ಕಸಿ ಕಟ್ಟುವ ಪದ್ಧತಿಯ ಹಿಂದೆಯೂ ಈ ಸಂಸ್ಥೆಯ ಅಧ್ಯಯನವಿದೆ. ವಿಜಯಪುರ ಸೀಮೆಯಲ್ಲಿ ಮೊದಲು ಬೇರುಸಸಿ ನೆಟ್ಟು, ಅದು ನೆಲೆಗೊಂಡ ಮೇಲೆ ಬೇಕಾದ ತಳಿಯ ಕಡ್ಡಿಯನ್ನು ಕಸಿ ಕಟ್ಟುವುದು ಇಂದು ವಾಡಿಕೆ. ತುಮಕೂರಿನ ಹಿರೇಹಳ್ಳಿ ಮತ್ತು ಕೊಡಗಿನ ಗೋಣಿಕೊಪ್ಪದಲ್ಲಿ ಈ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಡಿಕೆ, ಕೋಕೋ ಕುರಿತ ಸಂಶೋಧನೆಗೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರವಿದೆ.

ನೀರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಹನಿ ನೀರಾವರಿ ಅಳವಡಿಸಿದ ತಕ್ಷಣ ತೋಟ ಸುಸ್ಥಿರವಾಯಿತೆಂದು ಇಲಾಖೆಯ ಪ್ರಗತಿ ವರದಿಗಳು ಭಾವಿಸುತ್ತವೆ. ಕೋಲಾರ, ಚಿಕ್ಕಬಳ್ಳಾಪುರದಂತಹ ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಉಳಿದ ನೀರನ್ನು ಮತ್ತೊಂದು ಎಕರೆಗೆ ಹಾಯಿಸಿದರೆ ಅಂತರ್ಜಲಕ್ಕೆ ಉಳಿತಾಯವೇನೂ ಆಗದು. ಕೊಳವೆಬಾವಿಯ ಲೆಕ್ಕವನ್ನೂ ಸೇರಿಸಿ ಬೆಳೆ ಯೋಜನೆ ಮಾಡುವುದನ್ನು ಕಲಿಸದ ಶಿಕ್ಷಣ ಅರ್ಧ ಶಿಕ್ಷಣವೇ ಸರಿ.

ಪದವಿಯಿಲ್ಲದವರ ಕಲಿಕೆ

ತೋಟವನ್ನು ನಿಜವಾಗಿ ನಡೆಸುವವರಲ್ಲಿ ಬಹುಪಾಲು ಜನ ಪದವೀಧರರಲ್ಲ. ಅವರಿಗಾಗಿ ರಾಜ್ಯ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ನಡೆಸುತ್ತದೆ. ಲಾಲ್‌ಬಾಗ್ ಹಾಗೂ ವಿವಿಧ ಜಿಲ್ಲೆಗಳ ಕೇಂದ್ರಗಳಲ್ಲಿ ನಡೆಯುವ ಇದಕ್ಕೆ ಎಸ್ಸೆಸ್ಸೆಲ್ಸಿ ಸಾಕು. ಮಾಸಿಕ ಶಿಷ್ಯವೇತನವೂ ಇದೆ. ಕಸಿ ಕಟ್ಟುವುದು, ಗೂಟಿ ಹಾಕುವುದು, ಸವರುವುದು, ಸಸಿಮಡಿ ನಿರ್ವಹಣೆ ಇಲ್ಲಿನ ಪಾಠಗಳು. ಸಾಮಾನ್ಯವಾಗಿ ಮೇ ತಿಂಗಳಲ್ಲಿ ತರಗತಿ ಆರಂಭವಾಗುವುದರಿಂದ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಜಿಲ್ಲಾ ಪಂಚಾಯಿತಿಯ ತೋಟಗಾರಿಕೆ ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಮತ್ತೊಬ್ಬ ಮುಖ್ಯ ವ್ಯಕ್ತಿಯನ್ನು ನಾವು ಮರೆಯುತ್ತೇವೆ. ಗಿಡಕ್ಕೆ ರೋಗ ಬಂದಾಗ ರೈತ ಎಲೆಯೊಂದನ್ನು ಕಿತ್ತುಕೊಂಡು ಮೊದಲು ಹೋಗುವುದು ವಿಜ್ಞಾನಿಯ ಬಳಿಗಲ್ಲ, ಪಟ್ಟಣದ ಗೊಬ್ಬರದ ಅಂಗಡಿಗೆ. ಅಲ್ಲಿನ ಮಾಲೀಕ ಹೇಳಿದ್ದೇ ಔಷಧಿ. ಇದನ್ನು ಅರಿತೇ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಲ್ಲಿ ಅಂಗಡಿಯವರಿಗಾಗಿ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ವಾರಕ್ಕೊಂದು ದಿನದ ತರಗತಿ, ನಡುನಡುವೆ ಕ್ಷೇತ್ರ ಭೇಟಿ. ಹತ್ತು ಪ್ರಾತ್ಯಕ್ಷಿಕೆಗಳಿಗಿಂತ ಹೆಚ್ಚಿನ ಬದಲಾವಣೆಯನ್ನು ಒಬ್ಬ ತಿಳಿವಳಿಕೆಯುಳ್ಳ ಅಂಗಡಿಯವನು ತರಬಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ತಿಳಿವಳಿಕೆಯಿಲ್ಲದ ಸಿಂಪಡಣೆಗೆ ತೆತ್ತ ಬೆಲೆ ಎಷ್ಟೆಂಬುದನ್ನು ಕರಾವಳಿ ಬಲ್ಲದು. ದಕ್ಷಿಣ ಕನ್ನಡದ ಸರ್ಕಾರಿ ಗೇರು ತೋಟಗಳ ಮೇಲೆ ಚಹಾ ಸೊಳ್ಳೆ ತಿಗಣೆಯ ನಿಯಂತ್ರಣಕ್ಕೆಂದು ಹೆಲಿಕಾಪ್ಟರ್‌ಗಳಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿಯಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಯಂತಹ ಗ್ರಾಮಗಳ ಸಂತ್ರಸ್ತ ಕುಟುಂಬಗಳ ಬವಣೆ ಆ ಆದೇಶದೊಂದಿಗೆ ಮುಗಿಯಲಿಲ್ಲ.

ಇದೇ ಕರಾವಳಿ, ಮಲೆನಾಡಿನಲ್ಲಿ ಇನ್ನೊಂದು ಬಗೆಯ ಕೊರತೆ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕೆಂದು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ತೋರಿಸಿಕೊಟ್ಟು ಶತಮಾನ ದಾಟಿದೆ. ಮದ್ದು ಗೊತ್ತು, ಮಳೆಯ ನಡುವೆ ಮರ ಏರುವವರಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಯೋಜನೆ ಆರಂಭಿಸಿ ಯಂತ್ರದ ನೆರವಿನಿಂದ ಮರ ಏರುವುದನ್ನು ಯುವಕ-ಯುವತಿಯರಿಗೆ ಕಲಿಸಿತು. ಅಡಿಕೆಗೂ ಕೌಶಲ ತರಬೇತಿ ಶಿಬಿರಗಳು ನಡೆದಿವೆ. ವಿಮೆಯ ಭದ್ರತೆ, ಗೌರವದ ಕೂಲಿ ಎರಡೂ ಇದ್ದಲ್ಲಿ ಕಲಿತವರು ಈ ವೃತ್ತಿಯಲ್ಲಿ ಉಳಿಯುತ್ತಾರೆ.

ಕಲಿತ ಮೇಲೆ

ಪದವೀಧರರಿಗೆ ಸರ್ಕಾರಿ ಸೇವೆಯಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆಗಳು ಇವೆಯಾದರೂ ನೇಮಕಾತಿ ಅಧಿಸೂಚನೆಗಳ ನಡುವಿನ ಅಂತರ ದೀರ್ಘ. ಬ್ಯಾಂಕುಗಳು ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ತೋಟಗಾರಿಕೆ ಪದವಿಯನ್ನು ಪರಿಗಣಿಸುತ್ತವೆ. ಸಂಶೋಧನೆಯಲ್ಲಿ ಮುಂದುವರಿಯುವವರು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಎನ್‌ಇಟಿ, ಎಆರ್‌ಎಸ್ ಪರೀಕ್ಷೆಗಳನ್ನು ಬರೆಯಬೇಕು. ಬೀಜ ಕಂಪನಿಗಳು, ನಗರದ ಉದ್ಯಾನ ವಿನ್ಯಾಸ ಸಂಸ್ಥೆಗಳು, ದೊಡ್ಡಬಳ್ಳಾಪುರದ ಸುತ್ತಲಿನ ಹೂವಿನ ಪಾಲಿಹೌಸ್‌ಗಳು ಖಾಸಗಿ ಅವಕಾಶಗಳು.

ಸ್ವಂತ ಉದ್ಯೋಗ ಬಯಸುವವರಿಗೆ 2002ರಿಂದ ನಡೆಯುತ್ತಿರುವ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವಾಣಿಜ್ಯ ಕೇಂದ್ರ ಯೋಜನೆ ಹೆಚ್ಚು ಉಪಯುಕ್ತ. 45 ದಿನಗಳ ಉಚಿತ ವಸತಿ ತರಬೇತಿಯ ನಂತರ ಬ್ಯಾಂಕ್ ಸಾಲ ದೊರೆತರೆ ನಬಾರ್ಡ್ ಮೂಲಕ ಸಾಮಾನ್ಯ ವರ್ಗದವರಿಗೆ ಶೇ 36, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 44ರಷ್ಟು ಸಹಾಯಧನ ಲಭ್ಯ. ತರಬೇತಿ ಸುಲಭ, ಸಾಲ ಕಷ್ಟ ಎಂಬುದು ಈ ಯೋಜನೆಯ ಬಗ್ಗೆ ಕೇಳಿಬರುವ ಸಾಮಾನ್ಯ ದೂರು. ಹೀಗಾಗಿ ಬ್ಯಾಂಕಿನ ಬಾಗಿಲು ತಟ್ಟುವ ಮುನ್ನ ಯೋಜನಾ ವರದಿಯಲ್ಲಿ ನೀರಿನ ಮೂಲ, ತಾಯಿಗಿಡಗಳ ಮೂಲ, ಸಸಿಯ ಖರೀದಿದಾರರ ವಿವರಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. ನರ್ಸರಿ ಆರಂಭಿಸುವವರಿಗಂತೂ ತಾಯಿಗಿಡ ರೋಗಮುಕ್ತವೆಂಬ ದಾಖಲೆ ಬಂಡವಾಳದಷ್ಟೇ ಮುಖ್ಯ. ಬಾಗಲಕೋಟೆಯ ದಾಳಿಂಬೆ ಬೆಳೆಗಾರರು ಇಂದು ಸಸಿ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಅದನ್ನೇ.