ಕಪಾಟಿನಲ್ಲಿ ಕುಳಿತಿದ್ದ ಹದಿನೇಳು ವರ್ಷದ ಮಾತು

1993ರ ಅಕ್ಟೋಬರ್‌ನಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆಯ ಬ್ಯಾಂಕಿಂಗ್ ಸಮಿತಿ ನಡೆಸುತ್ತಿದ್ದ ವಿಚಾರಣೆಯ ವೇಳೆ ಒಂದು ವಿಚಿತ್ರ ಸಂಗತಿ ಹೊರಬಿತ್ತು. ಆ ದೇಶದ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್, ಬಡ್ಡಿದರ ನಿರ್ಧರಿಸುವ ತನ್ನ ಗುಪ್ತ ಸಭೆಗಳ ಮಾತುಕತೆಯನ್ನು ಧ್ವನಿಸುರುಳಿಯಲ್ಲಿ ಹಿಡಿದು, ಬೆರಳಚ್ಚು ಮಾಡಿಸಿ, ಕಪಾಟುಗಳಲ್ಲಿ ಜೋಪಾನವಾಗಿ ಇಟ್ಟುಕೊಂಡಿತ್ತು. ಒಂದೆರಡು ವರ್ಷದ್ದಲ್ಲ, 1976ರಿಂದೀಚೆಗಿನ ಹದಿನೇಳು ವರ್ಷಗಳದ್ದು. ಸುರುಳಿಗಳನ್ನು ಅಳಿಸಿ ಮತ್ತೆ ಬಳಸಲಾಗುತ್ತಿತ್ತು. ಕಾಗದದ ಪ್ರತಿಗಳು ಮಾತ್ರ ಉಳಿದಿದ್ದವು. ಆ ಸಭೆಗಳಲ್ಲಿ ಕುಳಿತು ಮಾತನಾಡಿದ ಹಲವು ಸದಸ್ಯರಿಗೇ ಇದು ಗೊತ್ತಿರಲಿಲ್ಲ. ನಡವಳಿ ಬರೆದಾದ ಮೇಲೆ ಸುರುಳಿಯ ಜೊತೆ ಎಲ್ಲವೂ ಅಳಿಸಿಹೋಗುತ್ತದೆ ಎಂದು ಅವರು ನಂಬಿದ್ದರು.

ಈ ಗುಟ್ಟನ್ನು ಹೊರಗೆಳೆದವರು ಸಮಿತಿಯ ಅಧ್ಯಕ್ಷ ಹೆನ್ರಿ ಗೊನ್ಸಾಲೆಸ್. ಟೆಕ್ಸಾಸ್ ರಾಜ್ಯದ ಸಾನ್ ಆಂಟೋನಿಯೋದಿಂದ ಆಯ್ಕೆಯಾಗಿದ್ದ, ಮೆಕ್ಸಿಕೋದಿಂದ ವಲಸೆ ಬಂದ ಕುಟುಂಬದ ಈ ಹಟಮಾರಿ ರಾಜಕಾರಣಿ ಕೇಳಿದ್ದು ಸರಳವಾದ ಪ್ರಶ್ನೆ: ಕೋಟ್ಯಂತರ ಜನರ ಮನೆಸಾಲದ ಕಂತು, ಕಾರ್ಖಾನೆಯ ಕೆಲಸ, ಉಳಿತಾಯದ ಬಡ್ಡಿ ಎಲ್ಲವನ್ನೂ ಅಲುಗಾಡಿಸಬಲ್ಲ ಹನ್ನೆರಡು ಮಂದಿ ಮುಚ್ಚಿದ ಬಾಗಿಲ ಹಿಂದೆ ಏನು ಮಾತನಾಡುತ್ತಾರೆ ಎಂದು ತಿಳಿಯುವ ಹಕ್ಕು ಜನರಿಗಿಲ್ಲವೆ?

ಆ ಹನ್ನೆರಡು ಮಂದಿ ಯಾರೆಂದು ಹೇಳಿಬಿಡಬೇಕು. ಫೆಡರಲ್ ರಿಸರ್ವ್‌ನ ಆಡಳಿತ ಮಂಡಳಿಯಲ್ಲಿ ಏಳು ಗವರ್ನರುಗಳು. ಅವರನ್ನು ಅಧ್ಯಕ್ಷರು ನೇಮಿಸಿ ಸೆನೆಟ್ ಒಪ್ಪಬೇಕು. ದೇಶದ ಹನ್ನೆರಡು ಪ್ರಾದೇಶಿಕ ರಿಸರ್ವ್ ಬ್ಯಾಂಕುಗಳ ಅಧ್ಯಕ್ಷರಲ್ಲಿ ಐವರಿಗೆ ಮತದ ಹಕ್ಕು. ಇವರು ಸೇರಿದರೆ ಮುಕ್ತ ಮಾರುಕಟ್ಟೆ ಸಮಿತಿ. ವರ್ಷಕ್ಕೆ ಸಾಮಾನ್ಯವಾಗಿ ಎಂಟು ಬಾರಿ ವಾಷಿಂಗ್ಟನ್ನಿನಲ್ಲಿ ಕೂಡುವ ಈ ಸಮಿತಿಯೇ ಹಣದ ಬೆಲೆಯನ್ನು, ಅಂದರೆ ಬಡ್ಡಿದರವನ್ನು, ನಿರ್ಧರಿಸುವುದು. ಇನ್ನೊಂದು ಮಾತು: ಫೆಡರಲ್ ರಿಸರ್ವ್ ತನ್ನ ಖರ್ಚಿಗಾಗಿ ಸಂಸತ್ತಿನ ಮುಂದೆ ಕೈಚಾಚುವುದಿಲ್ಲ. ತನ್ನಲ್ಲಿರುವ ಸರ್ಕಾರಿ ಸಾಲಪತ್ರಗಳ ಬಡ್ಡಿಯಿಂದ ಖರ್ಚು ತೂಗಿಸಿ, ಉಳಿದರೆ ಖಜಾನೆಗೆ ಕಟ್ಟುತ್ತದೆ. ಹಣ ಕೊಡುವ ಕೈಯೇ ಲೆಕ್ಕ ಕೇಳುವುದು ಲೋಕರೂಢಿ. ಇಲ್ಲಿ ಆ ಹಿಡಿತವೇ ಸಂಸತ್ತಿಗೆ ಇರಲಿಲ್ಲ.

ಗುಟ್ಟು ಈ ಸಂಸ್ಥೆಗೆ ಹುಟ್ಟಿನಿಂದ ಬಂದದ್ದು. 1910ರ ನವೆಂಬರ್‌ನಲ್ಲಿ ಸೆನೆಟರ್ ನೆಲ್ಸನ್ ಆಲ್ಡ್ರಿಚ್, ಪಾಲ್ ವಾರ್ಬರ್ಗ್, ಫ್ರಾಂಕ್ ವ್ಯಾಂಡರ್‌ಲಿಪ್ ಮೊದಲಾದವರು ಬಾತುಕೋಳಿ ಬೇಟೆಗೆ ಹೋಗುವವರ ವೇಷದಲ್ಲಿ ಖಾಸಗಿ ರೈಲುಬೋಗಿ ಹತ್ತಿ ಜಾರ್ಜಿಯಾ ಕರಾವಳಿಯ ಜೆಕಿಲ್ ದ್ವೀಪಕ್ಕೆ ಹೋದರು. ಆಳುಕಾಳುಗಳಿಗೆ ಗುರುತು ಸಿಗಬಾರದೆಂದು ಅಡ್ಡಹೆಸರು ಬಿಟ್ಟು ಮೊದಲ ಹೆಸರಿನಿಂದಷ್ಟೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ವಾಲ್ ಸ್ಟ್ರೀಟಿನ ದಣಿಗಳು ಸೇರಿ ಬ್ಯಾಂಕಿಂಗ್ ಕಾನೂನು ಬರೆಯುತ್ತಿದ್ದಾರೆಂದು ಗೊತ್ತಾದರೆ ಅದು ಸಂಸತ್ತಿನ ಹೊಸ್ತಿಲನ್ನೂ ದಾಟದು ಎಂಬ ಭಯ ಅವರದು. ಅಲ್ಲಿ ತಯಾರಾದ ಕರಡು ಹಾಗೆಯೇ ಅಂಗೀಕಾರವಾಗದಿದ್ದರೂ ಅದರ ಬಹುಪಾಲು ವಿಚಾರಗಳು 1913ರ ಡಿಸೆಂಬರ್ 23ರಂದು ವುಡ್ರೋ ವಿಲ್ಸನ್ ಸಹಿ ಹಾಕಿದ ಕಾಯಿದೆಯಲ್ಲಿ ಸೇರಿಕೊಂಡವು. ವ್ಯಾಂಡರ್‌ಲಿಪ್ ಈ ಪ್ರವಾಸದ ಕಥೆಯನ್ನು ಬಹಿರಂಗವಾಗಿ ಬರೆದದ್ದು 1935ರಲ್ಲಿ.

ಇದು ಅಮೆರಿಕದ ಕಾಯಿಲೆ ಮಾತ್ರವಲ್ಲ. 1920ರಿಂದ 1944ರವರೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮಾಂಟೆಗ್ಯೂ ನಾರ್ಮನ್ ಹಡಗಿನಲ್ಲಿ ಪ್ರಯಾಣಿಸುವಾಗ ಸ್ಕಿನ್ನರ್ ಎಂಬ ಸುಳ್ಳು ಹೆಸರನ್ನು ಬಳಸುತ್ತಿದ್ದರು. ಕೇಂದ್ರೀಯ ಬ್ಯಾಂಕರ್ ಎಂದರೆ ಮಾತು ಕಡಿಮೆ, ಮುಖ ಗಂಭೀರ ಎಂಬ ಕಲ್ಪನೆ ಅವರಂಥವರಿಂದಲೇ ಬೇರೂರಿತು.

ಗೊನ್ಸಾಲೆಸ್‌ಗೂ ಮೊದಲು ಈ ಬಾಗಿಲನ್ನು ತಟ್ಟಿದವರು ಇನ್ನೊಬ್ಬ ಟೆಕ್ಸಾಸಿಗ, ರೈಟ್ ಪ್ಯಾಟ್‌ಮನ್. 1929ರಿಂದ 1976ರಲ್ಲಿ ಸಾಯುವವರೆಗೂ ಸಂಸದರಾಗಿದ್ದ ಅವರು ದುಬಾರಿ ಬಡ್ಡಿಯ ಕಡುವೈರಿ. 1963ರಲ್ಲಿ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷರಾದ ಮೇಲೆ ಅವರ ಕಾಟ ತಡೆಯಲಾರದೆ ಫೆಡರಲ್ ರಿಸರ್ವ್ 1964ರಲ್ಲಿ ತನ್ನ 1936ರಿಂದ 1960ರವರೆಗಿನ ಹಳೆಯ ನಡವಳಿಗಳನ್ನು ಹೊರಗೆ ಬಿಟ್ಟಿತು. ಆದರೆ ಹಳೆಯ ನಡವಳಿ ಇತಿಹಾಸಕಾರರಿಗೆ ಉಪಯುಕ್ತವೇ ಹೊರತು ಆ ಹೊತ್ತಿನ ಸಾಲಗಾರನಿಗಲ್ಲ. 1967ರಲ್ಲಿ ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯಿದೆ ಜಾರಿಗೆ ಬಂದಾಗ ನಿರ್ಧಾರಗಳ ಸಾರಾಂಶವನ್ನು ತೊಂಬತ್ತು ದಿನಗಳ ನಂತರ ಪ್ರಕಟಿಸುವ ಪದ್ಧತಿ ಬಂತು. ಮೂರು ತಿಂಗಳ ಹಿಂದಿನ ಬಡ್ಡಿ ಸುದ್ದಿ!

1975ರಲ್ಲಿ ಮೆರಿಲ್ ಎಂಬ ಕಾನೂನು ವಿದ್ಯಾರ್ಥಿ ಇದೇ ಕಾಯಿದೆಯನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. ನಿರ್ಧಾರವಾದ ಕೂಡಲೇ ಜನರಿಗೆ ತಿಳಿಸಬೇಕು ಎಂಬುದು ವಾದ. ಕೆಳಗಿನ ನ್ಯಾಯಾಲಯ ವಿದ್ಯಾರ್ಥಿಯ ಪರ ನಿಂತಿತು. ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿದಾಗ, 1979ರ ಜೂನ್‌ನಲ್ಲಿ, ಸರ್ಕಾರದ ಆರ್ಥಿಕ ಹಿತಕ್ಕೆ ಧಕ್ಕೆಯಾಗುವಂತಿದ್ದರೆ ತಡಮಾಡಿ ಪ್ರಕಟಿಸಬಹುದು ಎಂಬ ಅರ್ಥದ ತೀರ್ಪು ಬಂದು ಪ್ರಕರಣ ಕೆಳಗೆ ಮರಳಿತು. ಅಷ್ಟರಲ್ಲಿ ಫೆಡರಲ್ ರಿಸರ್ವ್ ಬೇರೊಂದು ಉಪಾಯ ಮಾಡಿತ್ತು. ಯಾರು ಏನೆಂದರು ಎಂಬ ವಿವರವಾದ ದಾಖಲೆಯನ್ನು 1976ರಲ್ಲಿ ಬರೆಯುವುದನ್ನೇ ನಿಲ್ಲಿಸಿಬಿಟ್ಟಿತು. ದಾಖಲೆಯೇ ಇಲ್ಲದಿದ್ದರೆ ಕೇಳುವುದಾದರೂ ಏನನ್ನು? 1978ರಲ್ಲಿ ಸಂಸತ್ತು ಫೆಡರಲ್ ರಿಸರ್ವ್‌ನ ಲೆಕ್ಕಪತ್ರ ನೋಡುವ ಅಧಿಕಾರವನ್ನು ತನ್ನ ಲೆಕ್ಕಪರಿಶೋಧನಾ ಕಚೇರಿಗೆ ಕೊಟ್ಟಿತಾದರೂ ಬಡ್ಡಿನೀತಿ, ವಿದೇಶಿ ಬ್ಯಾಂಕುಗಳೊಡನೆಯ ವ್ಯವಹಾರ ಇತ್ಯಾದಿ ಮುಖ್ಯ ವಿಷಯಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಡುಗೆಮನೆ ನೋಡಬಹುದು, ಒಲೆಯತ್ತ ಹೋಗಬಾರದು ಎಂದ ಹಾಗೆ.

ದಾಖಲೆ ನಿಂತಿತೆಂದು ಲೋಕವೆಲ್ಲ ನಂಬಿದ್ದಾಗಲೇ ಕಪಾಟಿನಲ್ಲಿ ಬೆರಳಚ್ಚು ಪ್ರತಿಗಳು ಸೇರುತ್ತಿದ್ದವು ಎನ್ನುವುದೇ 1993ರ ಘಟನೆಯ ವ್ಯಂಗ್ಯ.

ಅಂದು ಫೆಡರಲ್ ರಿಸರ್ವ್ ಅಧ್ಯಕ್ಷರಾಗಿದ್ದವರು ಅಲನ್ ಗ್ರೀನ್‌ಸ್ಪ್ಯಾನ್. ಅವರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಆಡಿದ ಪ್ರತಿ ಮಾತೂ ನಾಳೆ ಪತ್ರಿಕೆಯಲ್ಲಿ ಬರುತ್ತದೆಂದಾದರೆ ಯಾರೂ ಮನಬಿಚ್ಚಿ ಮಾತನಾಡರು. ಎಲ್ಲರೂ ಬರೆದು ತಂದ ಭಾಷಣ ಓದುತ್ತಾರೆ. ನಿಜವಾದ ಚರ್ಚೆ ಮೊಗಸಾಲೆಯಲ್ಲಿ ನಡೆದುಹೋಗುತ್ತದೆ ಎಂದರು ಅವರು. ಪಂಚಾಯಿತಿ ಸಭೆಯನ್ನೋ ಸಹಕಾರ ಸಂಘದ ಮಹಾಸಭೆಯನ್ನೋ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಆದರೂ ಒತ್ತಡಕ್ಕೆ ಮಣಿಯಲೇಬೇಕಾಯಿತು. ಅದೇ ನವೆಂಬರ್‌ನಲ್ಲಿ ಹಳೆಯ ಪ್ರತಿಗಳನ್ನು ಅಲ್ಪಸ್ವಲ್ಪ ತಿದ್ದಿ, ಐದು ವರ್ಷ ಕಳೆದ ನಂತರ ಪ್ರಕಟಿಸುವುದಾಗಿ ಸಮಿತಿ ಒಪ್ಪಿತು.

ಇದಕ್ಕಿಂತ ದೊಡ್ಡ ಬದಲಾವಣೆ ಕೆಲವೇ ವಾರಗಳಲ್ಲಿ ಬಂತು. 1994ರ ಫೆಬ್ರವರಿ 4ರಂದು ಸಮಿತಿ ಬಡ್ಡಿದರವನ್ನು ಶೇ 3ರಿಂದ 3.25ಕ್ಕೆ ಏರಿಸಿ, ಅಂದೇ ಅದನ್ನು ಹೇಳಿತು. ಸಭೆ ಮುಗಿದ ದಿನವೇ ನಿರ್ಧಾರವನ್ನು ಬಹಿರಂಗಪಡಿಸಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಏನಾಗುತ್ತಿತ್ತು? ನ್ಯೂಯಾರ್ಕ್ ರಿಸರ್ವ್ ಬ್ಯಾಂಕು ಮಾರುಕಟ್ಟೆಯಲ್ಲಿ ಸಾಲಪತ್ರ ಕೊಳ್ಳುತ್ತಿದೆಯೋ ಮಾರುತ್ತಿದೆಯೋ ಎಂದು ಬೆಳಿಗ್ಗೆಯಿಂದ ಕಾದು ಕುಳಿತು, ದರ ಏರಿತೋ ಇಳಿಯಿತೋ ಎಂದು ವರ್ತಕರು ಊಹಿಸಬೇಕಿತ್ತು. ಈ ಊಹೆಯೇ ಒಂದು ಕಸುಬಾಗಿತ್ತು. ದೊಡ್ಡ ಹಣಕಾಸು ಸಂಸ್ಥೆಗಳು ಇದಕ್ಕೆಂದೇ ಪರಿಣತರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದವು. ನನಗೆ ಮುಖ್ಯವೆನಿಸುವುದು ಇದು: ಗುಟ್ಟು ಎಲ್ಲರಿಗೂ ಸಮಾನವಾಗಿ ಗುಟ್ಟಾಗಿರುವುದಿಲ್ಲ. ಊಹಿಸಲು ಹಣವುಳ್ಳವನಿಗೆ ಅದು ಅರ್ಧ ಗುಟ್ಟು. ಮನೆ ಕಟ್ಟಲು ಸಾಲ ಕೇಳುವ ಶಾಲಾ ಶಿಕ್ಷಕನಿಗೆ ಪೂರ್ತಿ ಗುಟ್ಟು.

ಆದರೂ ಊಹೆಯ ಚಟ ಸುಲಭಕ್ಕೆ ಬಿಡಲಿಲ್ಲ. ಗ್ರೀನ್‌ಸ್ಪ್ಯಾನ್ ಒಗಟಿನಂತೆ ಮಾತನಾಡುವುದರಲ್ಲಿ ನಿಸ್ಸೀಮರು. ತೊಂಬತ್ತರ ದಶಕದ ಕೊನೆಯಲ್ಲಿ ಸಿಎನ್‌ಬಿಸಿ ದೂರದರ್ಶನ ವಾಹಿನಿಯವರು ಸಭೆಯ ದಿನ ಬೆಳಿಗ್ಗೆ ಅವರು ಹಿಡಿದು ಬರುವ ಕೈಪೆಟ್ಟಿಗೆಯ ಗಾತ್ರವನ್ನು ತೋರಿಸುತ್ತಿದ್ದರು. ಪೆಟ್ಟಿಗೆ ಉಬ್ಬಿದ್ದರೆ ದರ ಬದಲಾಗಬಹುದು, ತೆಳ್ಳಗಿದ್ದರೆ ಇಲ್ಲ! ಹಲ್ಲಿ ಶಕುನಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ನಂತರ ಬಾಗಿಲು ಸ್ವಲ್ಪಸ್ವಲ್ಪವೇ ತೆರೆಯಿತು. 2005ರಿಂದ ನಡವಳಿಗಳು ಮೂರು ವಾರಗಳಲ್ಲಿ ಬರತೊಡಗಿದವು. 2011ರ ಏಪ್ರಿಲ್ 27ರಂದು ಬೆನ್ ಬರ್ನಾಂಕಿ ಸಭೆಯ ಬೆನ್ನಲ್ಲೇ ಪತ್ರಿಕಾಗೋಷ್ಠಿ ಕರೆದು ಹೊಸ ಸಂಪ್ರದಾಯ ಆರಂಭಿಸಿದರು. 2019ರಿಂದ ಪ್ರತಿ ಸಭೆಗೂ ಪತ್ರಿಕಾಗೋಷ್ಠಿ ಉಂಟು.

ಗ್ರೀನ್‌ಸ್ಪ್ಯಾನ್ ಭಯಪಟ್ಟಂತೆ ಆಯಿತೇ? ಸಂಶೋಧಕರಿಗೆ ಇದೊಂದು ಅಪರೂಪದ ಅವಕಾಶ. ಯಾರೂ ಓದುವುದಿಲ್ಲವೆಂದು ನಂಬಿ ಆಡಿದ ಮಾತುಗಳು ಒಂದು ಕಡೆ, ಓದುತ್ತಾರೆಂದು ಗೊತ್ತಿದ್ದು ಆಡಿದ ಮಾತುಗಳು ಇನ್ನೊಂದು ಕಡೆ; ಹೋಲಿಸಿ ನೋಡಬಹುದು. ಎಲ್ಲೆನ್ ಮೀಡ್ ಮತ್ತು ಡೇವಿಡ್ ಸ್ಟಾಸವೇಜ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1993ರ ನಂತರ ಅಧ್ಯಕ್ಷರ ಮಾತಿಗೆ ಎದುರಾಡುವುದು ಕಡಿಮೆಯಾಯಿತು. ಸ್ಟೀಫನ್ ಹ್ಯಾನ್ಸನ್, ಮೈಕೆಲ್ ಮೆಕ್‌ಮಹನ್, ಆಂಡ್ರಿಯಾ ಪ್ರಾಟ್ ಅವರು ಕಂಪ್ಯೂಟರ್ ನೆರವಿನಿಂದ ಮಾತುಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ಲೇಖನ ಎರಡು ಮುಖಗಳನ್ನೂ ತೋರಿಸಿತು. ಹೊಸ ಸದಸ್ಯರು ಹೆಚ್ಚು ತಯಾರಾಗಿ, ಅಂಕಿ ಅಂಶ ಹಿಡಿದು ಬರತೊಡಗಿದರು. ಅದೇ ಹೊತ್ತಿಗೆ ಹರಟೆಯಂಥ ಮುಕ್ತ ವಾಗ್ವಾದ ತಗ್ಗಿತು. ಒಟ್ಟಿನಲ್ಲಿ ಲಾಭದ ತಕ್ಕಡಿ ತುಸು ಕೆಳಗೆ ವಾಲಿತೆಂಬುದು ಅವರ ಎಣಿಕೆ. ಅಂದರೆ ಗ್ರೀನ್‌ಸ್ಪ್ಯಾನ್ ಅರ್ಧ ಸರಿ, ಗೊನ್ಸಾಲೆಸ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸರಿ.

2008ರಲ್ಲಿ ಜಗಳದ ಸ್ವರೂಪವೇ ಬದಲಾಯಿತು. ಬಡ್ಡಿ ಎಷ್ಟು ಎಂಬುದಲ್ಲ, ಸಾಲ ಯಾರಿಗೆ ಎಂಬುದು ಪ್ರಶ್ನೆಯಾಯಿತು. ಕುಸಿಯುತ್ತಿದ್ದ ಬ್ಯಾಂಕುಗಳಿಗೆ ಫೆಡರಲ್ ರಿಸರ್ವ್ ತುರ್ತು ಸಾಲ ಸುರಿಯಿತು. ಪಡೆದವರ ಹೆಸರು ಹೇಳಲು ಒಪ್ಪಲಿಲ್ಲ. ಹೆಸರು ಹೊರಬಿದ್ದರೆ ಠೇವಣಿದಾರರು ಆ ಬ್ಯಾಂಕಿನತ್ತ ಓಡಿ ಹಣ ಹಿಂದೆಗೆಯುತ್ತಾರೆ ಎಂಬುದು ಸಮರ್ಥನೆ. 2009ರ ಮಾರ್ಚ್‌ನಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ನೇರವಾಗಿ ಕೇಳಿದಾಗಲೂ ಬರ್ನಾಂಕಿ ಹೆಸರುಗಳನ್ನು ಕೊಡಲಾರೆ ಎಂದರು. ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ವರದಿಗಾರ ಮಾರ್ಕ್ ಪಿಟ್‌ಮನ್ ಮಾಹಿತಿ ಕಾಯಿದೆಯಡಿ ಅರ್ಜಿ ಹಾಕಿದ್ದರು. ಉತ್ತರ ಸಿಗದಾಗ ಸಂಸ್ಥೆ 2008ರ ನವೆಂಬರ್‌ನಲ್ಲಿ ದಾವೆ ಹೂಡಿತು. 2009ರ ಆಗಸ್ಟ್‌ನಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ, 2010ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಫೆಡರಲ್ ರಿಸರ್ವ್ ಅಲ್ಲ, ದೊಡ್ಡ ಬ್ಯಾಂಕುಗಳ ಸಂಘ. 2011ರ ಮಾರ್ಚ್‌ನಲ್ಲಿ ಆ ಅರ್ಜಿಯೂ ಬಿದ್ದುಹೋಗಿ ತಿಂಗಳ ಕೊನೆಗೆ ಸುಮಾರು 29,000 ಪುಟಗಳ ದಾಖಲೆ ಹೊರಬಂತು. ಲಿಬಿಯಾದ ಕೇಂದ್ರೀಯ ಬ್ಯಾಂಕಿನ ಪಾಲು ಇದ್ದ ಒಂದು ಅರಬ್ ಬ್ಯಾಂಕಿಗೂ ಸಾಲ ಹೋಗಿತ್ತೆಂಬುದು ಆಗ ತಿಳಿಯಿತು. ಮಾರ್ಗನ್ ಸ್ಟ್ಯಾನ್ಲಿ ಒಂದು ಹಂತದಲ್ಲಿ 10,700 ಕೋಟಿ ಡಾಲರ್ ಸಾಲದಲ್ಲಿತ್ತು ಎಂಬುದೂ ಮುಂದೆ ಬೆಳಕಿಗೆ ಬಂತು. ಇದನ್ನು ನೋಡಲು ಪಿಟ್‌ಮನ್ ಇರಲಿಲ್ಲ. 2009ರ ನವೆಂಬರ್‌ನಲ್ಲಿ, 52ರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಸಂಸತ್ತಿನಲ್ಲಿ ಈ ಹೊತ್ತಿಗೆ ಮೂರನೆಯ ಟೆಕ್ಸಾಸಿಗ ಮುಂದೆ ಬಂದಿದ್ದರು. ಪ್ಯಾಟ್‌ಮನ್, ಗೊನ್ಸಾಲೆಸ್ ಡೆಮಾಕ್ರಟರು. ರಾನ್ ಪಾಲ್ ರಿಪಬ್ಲಿಕನ್. ಮೊದಲಿಬ್ಬರು ಫೆಡರಲ್ ರಿಸರ್ವ್ ಜನರ ಹತೋಟಿಗೆ ಬರಲಿ ಎಂದರೆ, ಇವರು ಅದನ್ನು ಮುಚ್ಚಿಬಿಡಿ ಎನ್ನುವವರು. ಎಡದ ಸ್ಯಾಂಡರ್ಸ್ ಮತ್ತು ಬಲದ ಪಾಲ್ ಒಂದೇ ಬೇಡಿಕೆ ಇಟ್ಟದ್ದು ಅಮೆರಿಕದ ರಾಜಕೀಯದಲ್ಲಿ ಅಪರೂಪ. 2010ರ ಮೇ ತಿಂಗಳಲ್ಲಿ ಸ್ಯಾಂಡರ್ಸ್ ತಿದ್ದುಪಡಿ ಸೆನೆಟ್‌ನಲ್ಲಿ 96–0 ಮತಗಳಿಂದ ಗೆದ್ದು, ತುರ್ತು ಸಾಲಗಳ ಒಂದು ಸಲದ ಪರಿಶೋಧನೆಗೆ ದಾರಿಯಾಯಿತು. ಅಂದಿನಿಂದ ಸಾಮಾನ್ಯ ಸಾಲ ಪಡೆದ ಬ್ಯಾಂಕುಗಳ ಹೆಸರೂ ಎರಡು ವರ್ಷ ತಡವಾಗಿ ಪ್ರಕಟವಾಗಬೇಕು.

2011ರ ಜುಲೈನಲ್ಲಿ ಬಂದ ಪರಿಶೋಧನಾ ವರದಿಯಲ್ಲಿ 16 ಲಕ್ಷ ಕೋಟಿ ಡಾಲರಿನ ಒಂದು ಮೊತ್ತವಿತ್ತು. ಅದನ್ನು ಹಿಡಿದು ಎದ್ದ ಗದ್ದಲ ಇನ್ನೂ ಅಡಗಿಲ್ಲ. ಆದರೆ ನಮ್ಮ ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸು ಬೆಳಿಗ್ಗೆ ಸಾವಿರ ರೂಪಾಯಿ ಸಾಲ ತಂದು ಸಂಜೆ ತೀರಿಸಿ, ಹೀಗೆ ತಿಂಗಳಿಡೀ ಮಾಡಿದರೆ ಕಾಗದದ ಮೇಲೆ ಮೂವತ್ತು ಸಾವಿರ ಸಾಲ. ಅವಳ ಮೇಲಿದ್ದ ಹೊರೆ ಎಂದೂ ಸಾವಿರ ದಾಟಿರುವುದಿಲ್ಲ. ಒಂದು ರಾತ್ರಿಯ ಸಾಲಗಳನ್ನು ಮತ್ತೆ ಮತ್ತೆ ಕೂಡಿದ ಮೊತ್ತವದು. ಮಾಹಿತಿ ಹೊರಬಂದ ಮಾತ್ರಕ್ಕೆ ಅರ್ಥವೂ ಜೊತೆಗೆ ಬರುತ್ತದೆ ಎನ್ನಲಾಗದು. ಬಡ್ಡಿನೀತಿಯನ್ನೇ ಪರಿಶೋಧನೆಗೆ ಒಳಪಡಿಸುವ ಮಸೂದೆ 2012ರಲ್ಲೂ 2014ರಲ್ಲೂ ಕೆಳಸದನದಲ್ಲಿ ಭಾರಿ ಬಹುಮತದಿಂದ ಗೆದ್ದಿತು. 2016ರ ಜನವರಿಯಲ್ಲಿ ಸೆನೆಟ್‌ನಲ್ಲಿ ಬೇಕಿದ್ದ 60 ಮತ ಸಿಗದೆ ನಿಂತುಹೋಯಿತು.

ಭಾರತದಲ್ಲಿ ಈ ಚರ್ಚೆ ತಡವಾಗಿ ಬಂದರೂ ಕೆಲವು ವಿಷಯಗಳಲ್ಲಿ ಬೇಗ ಮುಂದೆ ಹೋಯಿತು. 2016ರವರೆಗೆ ಬಡ್ಡಿದರದ ಕೊನೆಯ ಮಾತು ರಿಸರ್ವ್ ಬ್ಯಾಂಕಿನ ಗವರ್ನರ್ ಒಬ್ಬರದೇ. ಆ ಅಕ್ಟೋಬರ್‌ನಲ್ಲಿ ಮೊದಲ ಸಭೆ ನಡೆಸಿದ ಆರು ಸದಸ್ಯರ ಹಣಕಾಸು ನೀತಿ ಸಮಿತಿಯಲ್ಲಿ ಯಾರು ಹೇಗೆ ಮತ ಹಾಕಿದರು, ಏಕೆ ಎಂಬುದು ಹದಿನಾಲ್ಕನೆಯ ದಿನ ಪ್ರಕಟವಾಗಬೇಕೆಂದು ಕಾನೂನೇ ಹೇಳುತ್ತದೆ. ಬ್ಯಾಂಕುಗಳ ತಪಾಸಣಾ ವರದಿಗಳನ್ನು ಮಾಹಿತಿ ಹಕ್ಕಿನಡಿ ಕೊಡಬೇಕೆಂದು 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ನೋಟು ರದ್ದತಿಗೆ ಒಪ್ಪಿಗೆ ನೀಡಿದ 2016ರ ನವೆಂಬರ್ 8ರ ಮಂಡಳಿ ಸಭೆಯ ನಡವಳಿ ಮಾಹಿತಿ ಹಕ್ಕಿನ ಮೂಲಕ ಜನರ ಕಣ್ಣಿಗೆ ಬೀಳಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು.

ಗೊನ್ಸಾಲೆಸ್ ಗಿಟ್ಟಿಸಿದ ಐದು ವರ್ಷದ ನಿಯಮ ಇಂದಿಗೂ ಹಾಗೆಯೇ ಇದೆ. ಲೀಮನ್ ಬ್ರದರ್ಸ್ ದಿವಾಳಿಯಾದ ಮರುದಿನ, 2008ರ ಸೆಪ್ಟೆಂಬರ್ 16ರಂದು ಸೇರಿದ ಸಮಿತಿ ಬಡ್ಡಿದರವನ್ನು ಶೇ 2ರಲ್ಲೇ ಉಳಿಸಿತು. ಒಬ್ಬರೂ ವಿರೋಧಿಸಲಿಲ್ಲ. ಅದೇ ದಿನ ಎಐಜಿ ವಿಮಾ ಕಂಪನಿಗೆ 8,500 ಕೋಟಿ ಡಾಲರ್ ಸಾಲ ಕೊಡಬೇಕಾಯಿತು. ಆ ಮೇಜಿನ ಸುತ್ತ ಯಾರು ಏನೆಂದರು, ಯಾರು ಅಪಾಯವನ್ನು ಕಂಡರು, ಯಾರು ಕಾಣಲಿಲ್ಲ ಎಂಬುದು ಓದಲು ಸಿಕ್ಕಿದ್ದು 2014ರ ಫೆಬ್ರವರಿ 21ರಂದು. ಬರ್ನಾಂಕಿ ಅಧ್ಯಕ್ಷ ಪದವಿಯಿಂದ ಇಳಿದು ಆಗ ಮೂರು ವಾರಗಳಾಗಿದ್ದವು.