ಹದಿನಾರಾಣೆ ಮಣ್ಣು, ಖರಾಬು ಕಾವಲು: ನಮ್ಮ ನೆಲವನ್ನು ಯಾರ್ಯಾರು ಹೇಗೆ ಅಳೆದರು

ಗೆಳೆಯರೇ, ಇವತ್ತು ಕೊಬ್ಬರಿ ರೇಟಿನ ಮಾತಿಲ್ಲ, ನುಸಿ ರೋಗದ ಮಾತೂ ಇಲ್ಲ. ಸ್ವಲ್ಪ ಹಳೇ ಕಥೆ. ಉದ್ದ ಆಗಿದೆ, ತಾಳ್ಮೆ ಇದ್ದೋರು ಓದಿ.

ಕಾವಲಿಗೆ ಒತ್ತಿಕೊಂಡಿರೋ ನಮ್ಮ ಹೊಲದಲ್ಲಿ ಹಿಂದೆ ತೆಂಗು ಇಟ್ಟಿದ್ದೆ. ಒಂದೇ ಸರ್ವೆ ನಂಬರು, ಒಂದೇ ದಿನ ಇಟ್ಟ ಸಸಿ, ಒಂದೇ ಬೋರಿನ ನೀರು. ಕೆಳಗಿನ ಸಾಲುಗಳು ಇವತ್ತಿಗೂ ಗಟ್ಟಿಯಾಗಿವೆ. ಕಾವಲಿನ ಕಡೆ ಸಾಲುಗಳು ಮಾತ್ರ 2016ರ ಬರದಲ್ಲಿ ಗರಿ ಜೋತು ಬಿದ್ದು, ಸುಳಿ ಸಣ್ಣಗಾಗಿ, ಒಂದೊಂದೇ ಹೋದವು. ರೋಗ ಅಂದುಕೊಂಡು ಔಷಧಿಗೆ ದುಡ್ಡು ಸುರಿದೆ. ಕೊನೆಗೆ ಜೆಸಿಬಿ ತರಿಸಿ ಗುಂಡಿ ತೆಗೆಸಿದರೆ ಒಂದೂವರೆ ಅಡಿಗೇ ಗರಸು, ಅದರ ಕೆಳಗೆ ಕಲ್ಲು. ತಪ್ಪು ಮರದ್ದಲ್ಲ, ನೋಡದೆ ನೆಟ್ಟ ನಂದು.

ಆಗ ಒಂದು ಪ್ರಶ್ನೆ ಹುಟ್ಟಿತು. ಈ ನೆಲ ಹಿಂಗಿದೆ ಅಂತ ನಮಗಿಂತ ಮೊದಲು ಯಾರೂ ನೋಡಿರಲಿಲ್ವಾ? ಹುಡುಕಿದರೆ, ನೋಡಿದ್ದರು. ಒಬ್ಬರಲ್ಲ, ನಾಲ್ಕೈದು ಸಲ. ಆದರೆ ಒಬ್ಬೊಬ್ಬರು ಕೇಳಿದ ಪ್ರಶ್ನೆ ಒಂದೊಂದು.

ಮೊದಲನೇದು ದನದ ಲೆಕ್ಕ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನೇ ಟಿಪ್ಪು ಅಮೃತ ಮಹಲ್ ಅಂತ ಮಾಡಿದ್ದು ನಿಮಗೆ ಗೊತ್ತಿರಬಹುದು. ಆ ಇಲಾಖೆಯವರು ಕಾವಲುಗಳನ್ನು ಮಣ್ಣಿನ ಬಣ್ಣ ನೋಡಿ ವಿಂಗಡಿಸಲಿಲ್ಲ, ಕಾಲ ನೋಡಿ ವಿಂಗಡಿಸಿದರು: ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಕೆರೆ ಅಂಗಳದಲ್ಲಿ ಹಸಿರು ಉಳಿದು, ನೀರು, ನೆರಳು ಇದ್ದರೆ ಅದು ಬೇಸಿಗೆಗೆ. ಮಳೆ ಬಿದ್ದಾಗ ಮಾತ್ರ ಹುಲ್ಲು ಬಂದು ಆಮೇಲೆ ಒಣಗೋ ಬೋರೆ ಉಳಿದ ಕಾಲಕ್ಕೆ. ದನ ಒಂದರಿಂದ ಇನ್ನೊಂದಕ್ಕೆ ನಡೀತಿತ್ತು, ನೆಲಕ್ಕೆ ಬಿಡುವು ಸಿಗ್ತಿತ್ತು. ಮಣ್ಣು, ನೀರು, ಹುಲ್ಲು ಮೂರೂ ಸೇರಿದ ವರ್ಗೀಕರಣ ಅದು. ನಕ್ಷೆ ಇದ್ದದ್ದು ದನ ಕಾಯೋರ ತಲೇಲಿ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತೋಕೆ ಹೊರಟ. ಚಿಕ್ಕನಾಯಕನಹಳ್ಳಿ ಕಡೆಗೂ ಬಂದಿದ್ದ. ಅವನು ಹೋದಲ್ಲೆಲ್ಲ ರೈತರನ್ನೇ ಕೇಳಿ, ಅವರು ಹೇಳಿದ ಮಣ್ಣಿನ ಹೆಸರು ಬರೆದುಕೊಂಡ. ಪುಸ್ತಕ 1807ರಲ್ಲಿ ಅಚ್ಚಾಯ್ತು. ಅವನ ಪ್ರಶ್ನೆ: ಈ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಏನೇನು ಸಿಗುತ್ತೆ?

ಮೂರನೇದು ಕಂದಾಯದ ಲೆಕ್ಕ. ಮೈಸೂರಿನಲ್ಲಿ 1863ರಿಂದ ಬಾಂಬೆ ಪದ್ಧತಿಯ ಸರ್ವೆ ಶುರುವಾಯ್ತು. ಇದು ಕೇಳೋಕೆ ಚೆನ್ನಾಗಿದೆ. ಆ ಪದ್ಧತಿಯಲ್ಲಿ ಹೊಲವನ್ನು ಚೌಕ ಚೌಕ ಮಾಡಿ, ಪ್ರತಿ ಚೌಕದಲ್ಲೂ ಮಣ್ಣು ಅಗೆದು ನೋಡಬೇಕು. ಮಣ್ಣಿನ ಗುಣದ ಮೇಲೆ ಮೂರು ತರಗತಿ. ಆಮೇಲೆ ಆಳ, ಮೊಳದ ಲೆಕ್ಕದಲ್ಲಿ. ಒಳ್ಳೆ ಮಣ್ಣು ಒಂದೂಮುಕ್ಕಾಲು ಮೊಳ ಇದ್ದರೆ ಹದಿನಾರಾಣೆ. ಆಳ ಕಮ್ಮಿ ಆದಂಗೆಲ್ಲ ಆಣೆ ಇಳಿಯುತ್ತೆ, ಒಟ್ಟು ಒಂಬತ್ತು ದರ್ಜೆ, ಕೊನೇದು ಎರಡಾಣೆ. ಸುಣ್ಣದ ಹರಳು, ಮರಳು, ಇಳಿಜಾರು, ನೀರು ಕೊಚ್ಚೋದು, ಹೀಗೆ ಒಂದೊಂದು ದೋಷಕ್ಕೆ ಒಂದೊಂದು ಗುರುತು. ಒಂದು ಗುರುತಿಗೆ ಒಂದು ದರ್ಜೆ ಇಳಿಕೆ.

ಈಗ ಲೆಕ್ಕ ಹಾಕಿ. ಮೊಳಕ್ಕೆ 18 ಇಂಚು ಅಂದರೆ ಒಂದೂಮುಕ್ಕಾಲು ಮೊಳ ಅಂದ್ರೆ 31 ಇಂಚು ಚಿಲ್ಲರೆ. ಅದರ ಕೆಳಗೆ ಏನಿದೆ ಅಂತ ಆಣೆ ಹೇಳೋದಿಲ್ಲ. ರಾಗಿಗೆ, ಹುರುಳಿಗೆ ಅಷ್ಟು ಆಳ ಸಾಕು. ತೆಂಗಿಗೆ ನಾವು ತೆಗೆಯೋ ಗುಂಡಿಯೇ ಮೂರಡಿ! ಹದಿನಾರಾಣೆ ಹೊಲ ಅಂತ ತಾತ ಹೇಳಿದ್ದನ್ನೇ ನಂಬಿ ತೆಂಗು ಇಡೋರು ಇದನ್ನು ನೆನಪಿಡಿ. ಅದು ಒಣಬೇಸಾಯದ ಆಣೆ, ತೆಂಗಿನ ಆಣೆ ಅಲ್ಲ.

ಉಳೋಕೆ ಬಾರದ ತುಂಡು ಖರಾಬು ಆಯ್ತು. ಇವತ್ತೂ ಪಹಣಿ ತೆಗೆದರೆ 'ಫೂಟ್ ಖರಾಬ್ ಅ', 'ಬ' ಅಂತ ಕಾಣುತ್ತಲ್ಲ, ಅದೇ. 'ಅ' ಅಂದರೆ ಸಾಗುವಳಿಗೆ ಬಾರದ್ದು, 'ಬ' ಅಂದರೆ ದಾರಿ, ಸ್ಮಶಾನದಂಥ ಸಾರ್ವಜನಿಕ ಕೆಲಸದ್ದು. ಹುಲ್ಲು ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಆಣೆ ಇಲ್ಲ.

ನಾಲ್ಕನೇದು ಗಿಡಮರದ ಲೆಕ್ಕ. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ದೇಶದ ಕಾಡುಗಳನ್ನು ವಿಂಗಡಿಸಿದಾಗ, ನಮ್ಮಂಥ ಒಣಸೀಮೆಯ ಹುಲ್ಲು, ಕಾರೆ, ತಂಗಡಿ ಎಲ್ಲ ಹಾಳಾದ ಕಾಡಿನ ಲೆಕ್ಕಕ್ಕೆ ಹೋಯ್ತು. 1973ರಲ್ಲಿ ದಬಡ್ಘಾವ್ ಮತ್ತು ಶಂಕರನಾರಾಯಣ ಹುಲ್ಲನ್ನೇ ಹಿಡಿದು ದೇಶವನ್ನು ಐದು ಹುಲ್ಲುಸೀಮೆ ಮಾಡಿದರು. ದಖ್ಖನ್ ಸೆಹಿಮಾ-ಡೈಕ್ಯಾಂಥಿಯಂ ಸೀಮೆಗೆ ಸೇರಿತು. ಒಂದೇ ಕಾವಲು, ಒಬ್ಬರ ಪುಸ್ತಕದಲ್ಲಿ ಕೆಟ್ಟ ಕಾಡು, ಇನ್ನೊಬ್ಬರ ಪುಸ್ತಕದಲ್ಲಿ ಹುಲ್ಲುಗಾವಲು. 2000ದಲ್ಲಿ ಉಪಗ್ರಹದ ಚಿತ್ರ ನೋಡಿ ಬಂಜರು ಭೂಮಿ ಅಟ್ಲಾಸ್ ಬಂತು. ಅದರಲ್ಲಿ ಕುರುಚಲು ಭೂಮಿ ಬಂಜರು.

ಹೆಸರಲ್ಲಿ ಏನಿದೆ ಅನ್ನಬೇಡಿ. ಕೆಟ್ಟ ಕಾಡು ಅಂದರೆ ನೀಲಗಿರಿ ನೆಡ್ತಾರೆ. ಬಂಜರು ಅಂದರೆ ಹಂಚ್ತಾರೆ, ಇಲ್ಲ ಕಟ್ತಾರೆ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೀರಿದ್ದ ಅಮೃತ ಮಹಲ್ ಕಾವಲು ಇವತ್ತು ಅದರ ಒಂದು ಚೂರು. ತಿಂದದ್ದರಲ್ಲಿ ನಮ್ಮ ರೈತರ ಕೈಯೂ ಇದೆ, ಸುಳ್ಳು ಹೇಳೋದು ಬೇಡ.

ಐದನೇದು ಹತ್ತಿರದ್ದು. ಸುಜಲ ಮೂರನೇ ಹಂತದಲ್ಲಿ ತುಮಕೂರು ಜಿಲ್ಲೆಯೂ ಇತ್ತು. ಜಲಾನಯನ ಇಲಾಖೆ, ನಾಗಪುರ ಮೂಲದ ರಾಷ್ಟ್ರೀಯ ಮಣ್ಣು ಸರ್ವೆ ಸಂಸ್ಥೆಯವರ ಜೊತೆ ಸೇರಿ ಭೂಸಂಪನ್ಮೂಲ ಸಮೀಕ್ಷೆ ಮಾಡಿದರು. ಮೊದಲಿನ ರಾಜ್ಯದ ಮಣ್ಣಿನ ನಕ್ಷೆ 1:2,50,000 ಅಳತೆದು, ಅಂದರೆ ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ಅದರಲ್ಲಿ ನಿಮ್ಮ ಊರೇ ಒಂದು ಚುಕ್ಕೆ. ಹೊಸದು 1:7,920, ಇಂಚಿಗೆ ಒಂದು ಫರ್ಲಾಂಗು. ಗ್ರಾಮ ನಕ್ಷೆಯ ಅಳತೆಯೇ ಅದು! ಗುಂಡಿ ತೆಗೆದು ಆಳ, ಗರಸು, ಇಳಿಜಾರು, ಕೊಚ್ಚಣೆ ನೋಡಿ ಸರ್ವೆ ನಂಬರಿನ ಮೇಲೇ ಗೆರೆ ಎಳೆದಿದ್ದಾರೆ. 25 ಸೆಂಟಿಮೀಟರಿನಿಂದ 150ರ ಆಚೆವರೆಗೂ ಆಳದ ದರ್ಜೆ ಇದೆ. ತೆಂಗಿನೋರಿಗೆ ಬೇಕಾದ್ದು ಇದು. ನಿಮ್ಮ ಕಿರುಜಲಾನಯನದಲ್ಲಿ ಆಗಿದ್ದರೆ ನಿಮ್ಮ ಸರ್ವೆ ನಂಬರಿನ ಕಾರ್ಡು ಕೇಳಿ. ಆಗಿಲ್ಲದಿದ್ದರೆ ಸಸಿ ತರೋ ಮೊದಲು ಹೊಲದ ನಾಲ್ಕು ಕಡೆ ನಾಲ್ಕು ಅಡಿ ಗುಂಡಿ ತೆಗೆಸಿ. ನನ್ನ ಲಾಸಿಗಿಂತ ಅದು ಅಗ್ಗ.

ಆದರೆ ಈ ನಕ್ಷೆಯೂ ಹೆಚ್ಚಾಗಿ ಕೇಳೋದು 'ಇಲ್ಲಿ ಯಾವ ಬೆಳೆ ಬರುತ್ತೆ' ಅಂತಲೇ. 'ಯಾವ ತಿಂಗಳು ಇಲ್ಲಿ ದನ ಮೇಯಬಹುದು' ಅಂತ ಕೇಳಿದ್ದು ಆ ಹಳೇ ಕಾವಲಿನೋರು. 1966ರ ಕಂದಾಯ ನಿಯಮದಲ್ಲಿ 100 ದನಕ್ಕೆ 30 ಎಕರೆ ಗೋಮಾಳ ಅಂತ ಎಕರೆ ಲೆಕ್ಕ ಇದೆ, ಕಾಲದ ಲೆಕ್ಕ ಇಲ್ಲ. ಮೂವತ್ತೂ ಎಕರೆ ಬೋರೆಯೇ ಆಗಿದ್ದರೆ ಏಪ್ರಿಲ್‌ನಲ್ಲಿ ದನ ಏನು ತಿನ್ನಬೇಕು?

ನಮ್ಮೂರಲ್ಲಿ ಕುರಿ ಕಾಯೋ ಅಜ್ಜ ಒಬ್ಬರಿದ್ದಾರೆ. ನನ್ನ ಸತ್ತ ಸಾಲು ನೋಡಿ ಅಂದರು: "ಅಲ್ಲಿ ಬಾದೆ ಹುಲ್ಲು ಬಿಟ್ರೆ ಏನೂ ಬರ್ತಿರ್ಲಿಲ್ಲ ಕಣಪ್ಪ, ಕೇಳಿದ್ರೆ ನಾನೇ ಹೇಳ್ತಿದ್ದೆ." ಕೇಳಿರಲಿಲ್ಲ.

ಆ ಸಾಲಿನಲ್ಲಿ ಈಗ ಹುಲ್ಲು ಬಿಟ್ಟಿದ್ದೀನಿ, ನಾಲ್ಕು ದನಕ್ಕೆ ಆಗುತ್ತೆ. ನೀವು ಒಂದು ಕೆಲಸ ಮಾಡಿ. ನಿಮ್ಮೂರ ಗೋಮಾಳದಲ್ಲಿ ಯಾವ ಕಡೆ ಯಾವ ಹುಲ್ಲು, ಯಾವ ತಿಂಗಳವರೆಗೆ, ನೀರು ಎಲ್ಲಿ ಅಂತ ದನ ಕಾಯೋ ಹಿರಿಯರನ್ನು ಕೇಳಿ, ಗ್ರಾಮ ನಕ್ಷೆಯ ಜೆರಾಕ್ಸ್ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ. ನಾಳೆ ಯಾರಾದರೂ 'ಇದು ಬಂಜರು' ಅಂತ ಬಂದರೆ ಗ್ರಾಮಸಭೆಯಲ್ಲಿ ತೋರಿಸೋಕೆ ಒಂದು ಕಾಗದ ಇರಲಿ.