ಕುಂಪಣಿಯ ವಕೀಲರು

ಕೊಟ್ಟೂರೇಶ್ವರನ ತೇರಿನಿಂದ ನಾಡಿಗೆಲ್ಲ ಪರಿಚಿತವಾದ ಕೊಟ್ಟೂರು ಇಂದು ವಿಜಯನಗರ ಜಿಲ್ಲೆಗೆ ಸೇರಿದೆ. ದೊಡ್ಡ ಕಂಪೆನಿಯೊಂದು ತಿಂಗಳ ಸಂಬಳ ಕೊಟ್ಟು ತನ್ನದೇ ವಕೀಲರನ್ನು ಇಟ್ಟುಕೊಳ್ಳುವುದು ತೀರ ಇತ್ತೀಚಿನ ಪದ್ಧತಿಯೆಂದು ಪಟ್ಟಣವಾಸಿಗಳಾದ ನಾವು ಭಾವಿಸುತ್ತೇವೆ. ಆದರೆ ಈ ಸೀಮೆಯ ಜನ ಐವತ್ತೆಂಟು ವರ್ಷಗಳ ಕಾಲ ಒಂದು ಕಂಪೆನಿಯ ಪ್ರಜೆಗಳೇ ಆಗಿದ್ದರು. ಅದನ್ನು ನಮ್ಮ ಹಿರಿಯರು ಕರೆದದ್ದು ‘ಕುಂಪಣಿ ಸರಕಾರ’ ಎಂದು. ವ್ಯಾಪಾರಿಯೇ ಅರಸನಾದಾಗ ಅವನ ವಕೀಲನು ಯಾರ ಪಕ್ಷ? ಆ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಸ್ವಾರಸ್ಯವಾದ ಉತ್ತರವಿದೆ.

ಈಸ್ಟ್ ಇಂಡಿಯಾ ಕಂಪೆನಿಗೆ ಕಲ್ಕತ್ತೆ, ಮದರಾಸು, ಬೊಂಬಾಯಿಗಳಲ್ಲಿ ಸ್ವಂತದ ಕಾನೂನು ಅಧಿಕಾರಿಗಳಿದ್ದರು. ಸಲಹೆ ಕೊಟ್ಟು ನ್ಯಾಯಾಲಯದಲ್ಲಿ ವಾದಿಸುವವನು ಅಡ್ವೊಕೇಟ್ ಜನರಲ್. ಕಾಗದಪತ್ರಗಳನ್ನು ಸಿದ್ಧಪಡಿಸಿ ದಾವೆ ನಡೆಸುವವನು ಕಂಪೆನಿಯ ಅಟಾರ್ನಿ. ಇವರ ಕೆಲಸ ಎಷ್ಟು ಇಕ್ಕಟ್ಟಿನದೆಂಬುದು ಬಂಗಾಳದ ಕಾಶೀಜೋಡಾ ಪ್ರಕರಣದಲ್ಲಿ ಬಯಲಾಯಿತು. 1779ರಲ್ಲಿ ಕಾಶೀನಾಥ ಬಾಬು ಎಂಬ ಸಾಹುಕಾರನು ಸಾಲದ ವಸೂಲಿಗಾಗಿ ಕಾಶೀಜೋಡಾದ ಜಮೀನುದಾರನ ಮೇಲೆ ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದನು. ಜಮೀನುದಾರರು ಆ ಕೋರ್ಟಿನ ಅಧಿಕಾರಕ್ಕೆ ಒಳಪಟ್ಟವರಲ್ಲವೆಂದು ಅಡ್ವೊಕೇಟ್ ಜನರಲ್ ಸರ್ ಜಾನ್ ಡೇ ಅಭಿಪ್ರಾಯವಿತ್ತನು. ಅದನ್ನೇ ಆಧಾರವಾಗಿ ಹಿಡಿದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಕೌನ್ಸಿಲು ದಂಡನ್ನು ಕಳುಹಿಸಿ ಕೋರ್ಟಿನ ಆಳುಗಳನ್ನೇ ಹಿಡಿಸಿತು. ನ್ಯಾಯಾಧೀಶರು ಕೆರಳಿದರು. 1780ರಲ್ಲಿ ಕಂಪೆನಿಯ ಅಟಾರ್ನಿ ನಾರ್ತ್ ನೇಲರನನ್ನು ನ್ಯಾಯಾಲಯ ನಿಂದನೆಗಾಗಿ ಸೆರೆಮನೆಗೆ ಕಳುಹಿಸಿದರು. ಆಜ್ಞೆ ಕೊಟ್ಟವರು ಕೌನ್ಸಿಲಿನಲ್ಲಿ ಉಳಿದರು. ಆಜ್ಞೆ ನಡೆಸಿದ ವಕೀಲನು ಬಂದಿಖಾನೆ ಸೇರಿದನು.

ಈ ಜಗಳವನ್ನು ಬಗೆಹರಿಸಲು ಬ್ರಿಟಿಷ್ ಪಾರ್ಲಿಮೆಂಟು 1781ರಲ್ಲಿ ಶಾಸನ ಮಾಡಿ, ಕಂದಾಯದ ವಿಚಾರಗಳನ್ನು ಸುಪ್ರೀಂ ಕೋರ್ಟಿನ ಕೈಯಿಂದ ತಪ್ಪಿಸಿತು. ಗೆದ್ದದ್ದು ಕುಂಪಣಿಯೇ.

ಕಲ್ಕತ್ತೆಯ ಈ ಸಂಗತಿಗೂ ಕೊಟ್ಟೂರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಒಪ್ಪಿಸಿದನು. ದತ್ತಮಂಡಲಗಳೆನಿಸಿದ ಈ ಪ್ರದೇಶಕ್ಕೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದು, 1807ರವರೆಗೆ ಇದ್ದು, ಹೊಲಗಳನ್ನು ಅಳೆಸಿ ರೈತವಾರಿ ಕಂದಾಯಕ್ಕೆ ಅಡಿಪಾಯ ಹಾಕಿದನು. 1808ರಲ್ಲಿ ಬಳ್ಳಾರಿ ಬೇರೆ ಜಿಲ್ಲೆಯಾಯಿತು. ಮದರಾಸಿನಲ್ಲಿ 1801ರಲ್ಲಿಯೇ ಸುಪ್ರೀಂ ಕೋರ್ಟು ಏರ್ಪಟ್ಟಿದ್ದರೂ ಕೊಟ್ಟೂರಿನ ಒಕ್ಕಲಿಗನಿಗೆ ಅದರ ಬಾಗಿಲು ತೆರೆದಿರಲಿಲ್ಲ. ಅವನು ಮೊರೆಹೋಗಬೇಕಾದದ್ದು ಕುಂಪಣಿಯದೇ ಆದ ಜಿಲ್ಲಾ ಅದಾಲತಿಗೆ.

1802ರ ಮದರಾಸು ನಿಬಂಧನೆಗಳು ಕಲೆಕ್ಟರನ ಮೇಲೂ ದಾವೆ ಹೂಡಬಹುದೆಂದು ವಿಧಿಸಿದ್ದವು. ಅದು ಸಣ್ಣ ಮಾತಲ್ಲ. ಆದರೆ ಕಂದಾಯ ಕೇಳುವವನು ಕುಂಪಣಿಯ ನೌಕರ. ತೀರ್ಪು ಹೇಳುವ ಜಡ್ಜಿಯೂ ಕುಂಪಣಿಯ ನೌಕರ. ಎದುರು ನಿಂತು ವಾದಿಸುವ ಸರಕಾರಿ ವಕೀಲನೂ ಕುಂಪಣಿಯ ಪಕ್ಷದವನೇ. ಎತ್ತಿನ ಗಾಡಿ ಕಟ್ಟಿಕೊಂಡು ಬಳ್ಳಾರಿಗೆ ಹೋದ ರೈತನಿಗೆ ನ್ಯಾಯ ಸಿಗುತ್ತಿರಲೇ ಇಲ್ಲವೆಂದು ಹೇಳಲಾಗದು. ಆದರೆ ಆ ದಾರಿ ಅವನಿಗೆ ಸುಲಭದ್ದೂ ಆಗಿರಲಿಲ್ಲ. ಮನ್ರೋವಿನ ಪ್ರೇರಣೆಯಿಂದ 1816ರಲ್ಲಿ ಗ್ರಾಮ ಮುನಸೀಫರೂ ಪಂಚಾಯಿತಿಗಳೂ ಏರ್ಪಟ್ಟವು. ಅದೇ ಸುಧಾರಣೆಯಲ್ಲಿ ಮ್ಯಾಜಿಸ್ಟ್ರೇಟನ ಅಧಿಕಾರವೂ ಕಲೆಕ್ಟರನಿಗೇ ಸೇರಿತು.

1858ರಲ್ಲಿ ಕುಂಪಣಿಯ ಆಳ್ವಿಕೆ ಮುಗಿಯಿತು. 1874ರಲ್ಲಿ ಕುಂಪಣಿಯೇ ಇಲ್ಲವಾಯಿತು. ಆದರೆ ಅದರ ವಕೀಲನ ಹುದ್ದೆ ಅಳಿಯಲಿಲ್ಲ. ವ್ಯಾಪಾರಿಗಳ ಸಂಘವೊಂದು ಹೊಂದಿದ್ದ ಅಡ್ವೊಕೇಟ್ ಜನರಲ್ ಪದವಿ ಬ್ರಿಟಿಷ್ ಸರಕಾರಕ್ಕೆ ಬಂದು, ಕೊನೆಗೆ ನಮ್ಮ ಸಂವಿಧಾನದ 165ನೆಯ ವಿಧಿಯಲ್ಲಿ ನೆಲೆಗೊಂಡಿತು. ಇಂದು ಪ್ರತಿ ರಾಜ್ಯದಲ್ಲಿಯೂ ರಾಜ್ಯಪಾಲರು ಆ ಪದವಿಗೆ ಒಬ್ಬರನ್ನು ನೇಮಿಸುತ್ತಾರೆ.

ಕಂಪೆನಿಯ ಸಂಬಳದ ವಕೀಲನ ಕಥೆ ಬೇರೆ ದಾರಿ ಹಿಡಿಯಿತು. ಪೂರ್ಣಾವಧಿಯ ಸಂಬಳಕ್ಕೆ ಸೇರಿದವನು ನ್ಯಾಯವಾದಿಯಾಗಿ ವೃತ್ತಿ ನಡೆಸಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮ ಹೇಳುತ್ತದೆ. ನ್ಯಾಯವಾದಿಗೂ ಕಕ್ಷಿದಾರನಿಗೂ ನಡುವಣ ಮಾತುಕತೆಗೆ ಕಾನೂನು ಕೊಡುವ ಗೋಪ್ಯತೆಯ ಪೂರ್ಣ ರಕ್ಷಣೆ ಇಂಥವರಿಗೆ ಸಲ್ಲದೆಂದು 2025ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಅನ್ನ ಕೊಡುವ ಧಣಿಗೆ ‘ಇದು ಸಲ್ಲದು’ ಎನ್ನುವ ಸ್ವಾತಂತ್ರ್ಯ ನೌಕರನಿಗೆ ಎಷ್ಟರ ಮಟ್ಟಿಗೆ ಇದ್ದೀತು ಎಂಬ ಸಂಶಯವೇ ಇದರ ಹಿಂದಿದೆ.

ಆದರೂ ಇಂಥವರು ಬೇಡವೆನ್ನುವುದು ವಿವೇಕವಲ್ಲ. ಹೊರಗಿನ ವಕೀಲನ ಬಳಿಗೆ ತಕರಾರು ಹೋಗುವುದು ಕೆಲಸ ಕೆಟ್ಟ ಮೇಲೆ. ಒಳಗಿನವನು ಕರಾರುಪತ್ರ ಬರೆಯುವಾಗಲೇ, ಜಮೀನು ಕೊಳ್ಳುವಾಗಲೇ, ಕೂಲಿಯವರ ಲೆಕ್ಕ ಮಾಡುವಾಗಲೇ ಎಚ್ಚರಿಸಬಲ್ಲನು. ಧಣಿಯ ಇಷ್ಟಕ್ಕೆ ಕಾನೂನನ್ನು ಹೊಂದಿಸಿ ಕೊಡುವುದೋ, ಕಾನೂನಿಗೆ ಧಣಿಯನ್ನು ಹೊಂದಿಸುವುದೋ ಎಂಬುದು ಅವನ ಮುಂದೆ ದಿನವೂ ಬರುವ ಪ್ರಶ್ನೆ. ಅವನು ಬರೆದ ಕಾಗದದ ಫಲವನ್ನು ಉಣ್ಣುವವರು ಬಹುಮಟ್ಟಿಗೆ ಅವನ ಮುಖವನ್ನೇ ಕಾಣದ ದೂರದ ಊರಿನವರು. ಕೊಟ್ಟೂರಿನ ರೈತನಂತೂ ಸರ್ ಜಾನ್ ಡೇಯ ಹೆಸರನ್ನು ಕೇಳಿರಲಾರನು.